ಹಿಂದೆ ಎಲ್ಲಾದರೂ ಹೀಗೇ ಆಗಿತ್ತೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ನೀರುಪಾಲಾಯಿತು. ಎಡದಂಡೆ ಕಾಲುವೆಯನ್ನು ನೆಚ್ಚಿ ಭತ್ತ ಹಚ್ಚಿದ್ದ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ರೈತರಿಗೆ ಜಲಾಶಯ ಬರಿದಾಗುವ ದಿಗಿಲು. ನದಿ ದಂಡೆಯ ಊರುಗಳಿಗೆ ನೆರೆಯ ದಿಗಿಲು. ಎಪ್ಪತ್ತು ವರ್ಷಗಳಲ್ಲಿ ಈ ಅಣೆಕಟ್ಟೆ ಇಂಥದ್ದನ್ನು ಕಂಡಿರಲಿಲ್ಲ. ಆ ಗಳಿಗೆಯಲ್ಲಿ ಎಲ್ಲರ ಎದುರಿಗಿದ್ದ ಪ್ರಶ್ನೆ ಒಂದೇ: ಹಿಂದೆ ಎಲ್ಲಾದರೂ ಹೀಗೇ ಆಗಿತ್ತೆ, ಆಗ ಏನು ಮಾಡಿದ್ದರು? ಅಣೆಕಟ್ಟೆ ಗೇಟುಗಳ ಕೆಲಸದಲ್ಲೇ ಆಯುಷ್ಯ ಸವೆಸಿದ್ದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಒಂದು ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ತುಂಡು ತುಂಡಾಗಿ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ಬಾಯಿ ಮುಚ್ಚಿದ್ದಾಯಿತು. ನೀರಿನ ಒತ್ತಡದ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ, ಹೊಸ ಎಂಜಿನಿಯರೂ ಹಾಕಬಲ್ಲ. ಬೇರೆ ಬೇರೆ ಅಣೆಕಟ್ಟೆಗಳಲ್ಲಿ ಬೇರೆ ಬೇರೆ ಗೇಟುಗಳು ಹೇಗೆ ಕೈಕೊಟ್ಟವು, ಯಾವ ಉಪಾಯ ಎಲ್ಲಿ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬ ತಿಳಿವಳಿಕೆ ಮಾತ್ರ ಬಹುಪಾಲು ಮನುಷ್ಯರ ತಲೆಯಲ್ಲೇ ಇರುತ್ತದೆ. ಅವರು ನಿವೃತ್ತರಾದರೆ ಅದೂ ಮನೆಗೆ ಹೋಗುತ್ತದೆ.

ಹೀಗೆ ಹಳೆಯ ಪ್ರಸಂಗವನ್ನು ನೆನೆದು ಹೊಸದನ್ನು ಬಿಡಿಸುವ ರೀತಿಯನ್ನು ಕಂಪ್ಯೂಟರಿಗೆ ಕಲಿಸುವ ಒಂದು ವಿದ್ಯೆ ಇದೆ. ಕೇಸ್-ಬೇಸ್ಡ್ ರೀಸನಿಂಗ್ ಎಂದು ಅದರ ಹೆಸರು. ಕನ್ನಡದಲ್ಲಿ ಪ್ರಕರಣ ಆಧಾರಿತ ತರ್ಕ ಎನ್ನಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಜರ್ ಶ್ಯಾಂಕ್ 1982ರಲ್ಲಿ ಬರೆದ 'ಡೈನಮಿಕ್ ಮೆಮರಿ' ಪುಸ್ತಕದಿಂದ ಇದರ ವಂಶಾವಳಿ ಹೇಳುವುದು ವಾಡಿಕೆ. ಅವರ ಶಿಷ್ಯೆ ಜಾನೆಟ್ ಕೊಲೊಡ್ನರ್ ಕಟ್ಟಿದ 'ಸೈರಸ್' ಎಂಬ ತಂತ್ರಾಂಶ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯೊಬ್ಬರ ಪ್ರವಾಸ, ಭೇಟಿಗಳನ್ನು ನೆನಪಿಟ್ಟುಕೊಂಡು ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು. ಅದೇ ಬಳಗದ ಕ್ರಿಸ್ಟಿಯನ್ ಹ್ಯಾಮಂಡ್ ಮಾಡಿದ 'ಶೆಫ್' ಇನ್ನೂ ಸ್ವಾರಸ್ಯದ್ದು. ಅದು ಅಡುಗೆಯ ಯೋಜನೆ ಹಾಕುವ ಯಂತ್ರ. ಮಾಂಸ ಮತ್ತು ಬೀನ್ಸ್ ಹುರಿಯುವ ವಿಧಾನ ಅದಕ್ಕೆ ಗೊತ್ತಿತ್ತು. ಮಾಂಸ ಮತ್ತು ಬ್ರಾಕೊಲಿ ಬೇಕೆಂದಾಗ ಹಳೆಯದರಲ್ಲಿ ತರಕಾರಿ ಮಾತ್ರ ಬದಲಿಸಿತು. ಮಾಂಸ ಬಿಟ್ಟ ನೀರಿನಲ್ಲಿ ಬ್ರಾಕೊಲಿ ಮೆತ್ತಗಾಗಿ ಕೆಟ್ಟಿತು. ಆಗ ಯಂತ್ರ ಎರಡನ್ನೂ ಬೇರೆ ಬೇರೆ ಹುರಿದು ಕೊನೆಗೆ ಕೂಡಿಸುವಂತೆ ತಿದ್ದಿಕೊಂಡದ್ದಲ್ಲದೆ, ಯಾಕೆ ಕೆಟ್ಟಿತು ಎಂಬುದನ್ನೂ ಬರೆದಿಟ್ಟುಕೊಂಡಿತು. ಹೊಸ ಸೊಸೆ ಮೊದಲ ಸಲ ಮಾಡಿದ ಪಲ್ಯ ನೀರಾದಾಗ ಅತ್ತೆ ಹೇಳಿಕೊಡುವ ಪಾಠವೂ ಇದೇ ಅಲ್ಲವೆ! 1994ರಲ್ಲಿ ನಾರ್ವೆಯ ಆಮೊಟ್ ಮತ್ತು ಸ್ಪೇನಿನ ಪ್ಲಾಜಾ ಈ ಎಲ್ಲವನ್ನೂ ನಾಲ್ಕು ಹೆಜ್ಜೆಗಳಲ್ಲಿ ಹೇಳಿದರು. ಹೋಲುವ ಹಳೆಯದನ್ನು ಹುಡುಕು, ಅದರ ಪರಿಹಾರವನ್ನು ಬಳಸು, ಹೊಂದದಿದ್ದರೆ ತಿದ್ದು, ತಿದ್ದಿದ್ದನ್ನು ಮುಂದಿನವರಿಗಾಗಿ ಇಟ್ಟುಕೋ.

ನಮ್ಮ ಕಡೆ ಇದು ಪೂರಾ ಹೊಸ ಮಾತೂ ಅಲ್ಲ. ನ್ಯಾಯದರ್ಶನ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನಗಳ ಪಕ್ಕದಲ್ಲೇ ಉಪಮಾನಕ್ಕೂ ಜಾಗವಿದೆ. 'ಗವಯ ಹಸುವಿನ ಹಾಗಿರುತ್ತದೆ' ಎಂದು ಕೇಳಿದ್ದವನು ಕಾಡಿನಲ್ಲಿ ಅಂಥ ಪ್ರಾಣಿಯನ್ನು ಕಂಡು 'ಇದೇ ಗವಯ' ಎಂದು ಗುರುತಿಸುವುದು ಅದಕ್ಕೆ ಕೊಡುವ ಉದಾಹರಣೆ. ನ್ಯಾಯಾಲಯಗಳಂತೂ ಇದರ ಮೇಲೇ ನಿಂತಿವೆ. 1989ರಲ್ಲಿ ಕರ್ನಾಟಕದ ಸರ್ಕಾರವನ್ನು ವಜಾ ಮಾಡಿದ್ದರಿಂದ ಹುಟ್ಟಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ತೀರ್ಮಾನವಾದ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ಇವತ್ತಿಗೂ ಯಾವುದೇ ರಾಜ್ಯದಲ್ಲಿ ಬಹುಮತದ ಜಗಳ ಬಂದರೆ ತೆಗೆದು ಮುಂದಿಡುತ್ತಾರೆ. ಒಂದು ಕಡೆಯ ವಕೀಲರು 'ಇದೂ ಅದರಂತೆಯೇ' ಎಂದರೆ ಇನ್ನೊಂದು ಕಡೆಯವರು 'ಇಲ್ಲಿ ಸಂಗತಿ ಬೇರೆ' ಎನ್ನುತ್ತಾರೆ. ವಾದದ ಜೀವ ಇರುವುದೇ ಯಾವ ಹೋಲಿಕೆ ಮುಖ್ಯ, ಯಾವುದು ನೆಪ ಎಂಬ ತೂಕದಲ್ಲಿ.

ಈಗ ವಿಷಯಕ್ಕೆ ಬರೋಣ. ಈ ಬಗೆಯ ತಂತ್ರಾಂಶಗಳು ಇಂದು ಕಾಸು ಖರ್ಚಿಲ್ಲದೆ ಸಿಗುತ್ತವೆ. ಜರ್ಮನಿಯ ಕೃತಕ ಬುದ್ಧಿಮತ್ತೆ ಸಂಶೋಧನಾ ಕೇಂದ್ರ ಮತ್ತು ಲಂಡನ್ನಿನ ಒಂದು ವಿಶ್ವವಿದ್ಯಾಲಯ ಸೇರಿ ಬೆಳೆಸಿದ 'ಮೈಸಿಬಿಆರ್', ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ 'ಜೆಕೊಲಿಬ್ರಿ' ಇವೆರಡೂ ಮುಕ್ತ ತಂತ್ರಾಂಶಗಳು. ಕೊಪ್ಪಳ ಜಿಲ್ಲೆಯ ಯಾವ ಕಾಲೇಜಾದರೂ ಇವನ್ನು ಇಳಿಸಿಕೊಂಡು, ಪ್ರತಿ ಮಾಡಿ, ಪಕ್ಕದವರಿಗೆ ಹಂಚಬಹುದು, ಒಳಗಿನ ಸಂಕೇತವನ್ನು ಬಿಚ್ಚಿ ತಿದ್ದಬಹುದು. ಪುಕ್ಕಟೆಗೂ ಮುಕ್ತಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಪುಕ್ಕಟೆ ಸಿಕ್ಕಿದ್ದನ್ನು ಕೊಟ್ಟವನು ನಾಳೆ ವಾಪಸು ಕೇಳಬಹುದು, ಇಲ್ಲವೆ ದರ ಹಚ್ಚಬಹುದು. ಮುಕ್ತವಾಗಿ ಸಿಕ್ಕಿದ್ದನ್ನು ಹಾಗೆ ಕಸಿಯಲು ಬರುವುದಿಲ್ಲ. ಇಷ್ಟು ಹೇಳಿದ ಮೇಲೂ ನನ್ನ ವಾದ ತಂತ್ರಾಂಶ ಹಂಚಿದರೆ ಸಾಕು ಎಂಬಲ್ಲಿಗೇ ನಿಲ್ಲುವುದಿಲ್ಲ. ಇವು ಖಾಲಿ ಕಪಾಟುಗಳು. ಕಪಾಟು ಕೊಟ್ಟ ಮಾತ್ರಕ್ಕೆ ಗ್ರಂಥಾಲಯವಾಗದು. ಪ್ರಕರಣಗಳನ್ನು ಯಾರು ಬರೆಯುತ್ತಾರೆ, ಯಾವ ಮಾತಿನಲ್ಲಿ ಬರೆಯುತ್ತಾರೆ, ಹೋಲಿಕೆಯ ತೂಕವನ್ನು ಯಾರು ನಿಗದಿ ಮಾಡುತ್ತಾರೆ ಎಂಬುದರಲ್ಲೇ ಕಲಿಕೆ ಇದೆ. ತರಗತಿಗೆ ಈ ತಂತ್ರಾಂಶವನ್ನು ಒಯ್ಯುವುದಾದರೆ ಖಾಲಿಯಾಗಿಯೇ ಒಯ್ಯಬೇಕು. ತುಂಬುವ ಕೆಲಸ ಮಕ್ಕಳದಾಗಬೇಕು.

ಯಾಕೆ ಎನ್ನುವುದಕ್ಕೆ ಮನಃಶಾಸ್ತ್ರದ ಒಂದು ಹಳೆಯ ಪ್ರಯೋಗ ಸಾಕ್ಷಿ. 1980ರಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ವಿದ್ಯಾರ್ಥಿಗಳ ಮುಂದೆ ಒಂದು ಒಗಟು ಇಟ್ಟರು. ಹೊಟ್ಟೆಯೊಳಗೆ ಗಡ್ಡೆ ಇದೆ, ಬಲವಾದ ಕಿರಣ ಹಾಯಿಸಿದರೆ ದಾರಿಯಲ್ಲಿರುವ ಒಳ್ಳೆಯ ಭಾಗವೂ ಸುಡುತ್ತದೆ, ದುರ್ಬಲ ಕಿರಣ ಹಾಯಿಸಿದರೆ ಗಡ್ಡೆ ಸಾಯುವುದಿಲ್ಲ, ಏನು ಮಾಡಬೇಕು? ಹತ್ತು ಜನರಲ್ಲಿ ಒಬ್ಬರಷ್ಟೇ ಉತ್ತರ ಹೊಳೆಸಿಕೊಂಡರು. ಬೇರೆ ಕೆಲವರಿಗೆ ಮೊದಲೇ ಒಂದು ಕಥೆ ಓದಿಸಿದ್ದರು. ಕೋಟೆಯೊಂದಕ್ಕೆ ಹಲವು ದಾರಿಗಳಿವೆ, ಎಲ್ಲದರಲ್ಲೂ ಸಿಡಿಮದ್ದು ಹುಗಿದಿದ್ದಾರೆ, ದೊಡ್ಡ ಸೈನ್ಯ ಹೋದರೆ ಸಿಡಿಯುತ್ತದೆ. ಸೇನಾಪತಿ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು ಎಲ್ಲ ದಾರಿಗಳಿಂದ ಒಮ್ಮೆಗೇ ಕಳಿಸಿ ಕೋಟೆ ಗೆಲ್ಲುತ್ತಾನೆ. ಕಿರಣದ ಒಗಟಿಗೂ ಉತ್ತರ ಅದೇ: ಹಲವು ದಿಕ್ಕಿನಿಂದ ದುರ್ಬಲ ಕಿರಣಗಳು ಗಡ್ಡೆಯಲ್ಲಿ ಕೂಡಬೇಕು. ಆದರೂ ಕಥೆ ಓದಿದವರಲ್ಲಿ ತಾವಾಗಿಯೇ ಅದನ್ನು ನೆನೆದವರು ಹತ್ತಕ್ಕೆ ಸುಮಾರು ಮೂವರು. 'ಆಗ ಓದಿದ ಕಥೆ ಉಪಯೋಗಕ್ಕೆ ಬಂದೀತು' ಎಂದು ಸುಳಿವು ಕೊಟ್ಟಾಗ ನಾಲ್ವರಲ್ಲಿ ಮೂವರು ಬಿಡಿಸಿದರು. ಅಂದರೆ ಕಥೆ ಅವರೊಳಗೆ ಇತ್ತು, ಎದ್ದು ಬರುತ್ತಿರಲಿಲ್ಲ. ಮೂರು ವರ್ಷದ ನಂತರ ಅವರೇ ಇನ್ನೊಂದು ಸಂಗತಿ ತೋರಿಸಿದರು: ಒಂದರ ಬದಲು ಎರಡು ಕಥೆ ಕೊಟ್ಟು ಅವೆರಡರ ನಡುವಿನ ಹೋಲಿಕೆ ಬರೆಯಿಸಿದರೆ ಮೂರನೆಯದು ಸುಲಭವಾಗುತ್ತದೆ. ನಮ್ಮ ಪಾಠಪುಸ್ತಕಗಳು ಉದಾಹರಣೆಗಳಿಂದ ತುಂಬಿವೆ. ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು 'ಎಲ್ಲಿ ಒಂದೇ, ಎಲ್ಲಿ ಬೇರೆ' ಎಂದು ಕೇಳುವ ಪುಟಗಳು ಅಪರೂಪ. ಪ್ರಕರಣ ಆಧಾರಿತ ತಂತ್ರಾಂಶ ಅದನ್ನೇ ಹಟ ಹಿಡಿದು ಕೇಳುತ್ತದೆ, ಉತ್ತರಿಸದೆ ಮುಂದೆ ಹೋಗಲು ಬಿಡುವುದಿಲ್ಲ.

ಇದಕ್ಕೆ ಕೊಪ್ಪಳಕ್ಕಿಂತ ತಕ್ಕ ನೆಲ ಹುಡುಕುವುದು ಕಷ್ಟ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆ ನಾಲ್ಕು ತಾಲ್ಲೂಕುಗಳದಾಗಿತ್ತು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಹುಟ್ಟಿದವು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಗಂಗಾವತಿಯ ಕಡೆ ಕಾಲುವೆ ನೀರು, ಭತ್ತ, ಅಕ್ಕಿ ಗಿರಣಿ. ಯಲಬುರ್ಗಾದ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ. ಕುಷ್ಟಗಿಯ ಕೆಂಪು ಮಸಾರಿಯಲ್ಲಿ ಸಜ್ಜೆ, ಶೇಂಗಾ, ಬೋರ್‌ವೆಲ್ ಇದ್ದವರ ದಾಳಿಂಬೆ. ಒಂದು ತಾಸಿನ ಬಸ್ ಪ್ರಯಾಣದಲ್ಲಿ ಒಂದು ಊರಿನ ಸರಿ ಉತ್ತರ ಇನ್ನೊಂದು ಊರಿನ ತಪ್ಪು ಉತ್ತರವಾಗುವ ಜಿಲ್ಲೆ ಇದು. ಸೂತ್ರ ಬಾಯಿಪಾಠ ಮಾಡಿದ ಮಗುವಿಗೆ ಈ ವ್ಯತ್ಯಾಸ ಕಾಣಿಸುವುದಿಲ್ಲ; ಪ್ರಕರಣಗಳನ್ನು ಬರೆದ ಮಗುವಿಗೆ ಕಾಣದೆ ಇರಲು ಸಾಧ್ಯವಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಭತ್ತದ ಗದ್ದೆಯಲ್ಲಿ ನಾಟಿಯಾಗಿ ಮೂರು ವಾರಕ್ಕೆ ಕೆಳಗಿನ ಎಲೆಗಳ ಮೇಲೆ ತುಕ್ಕು ಬಣ್ಣದ ಚುಕ್ಕೆ ಬಂದಿವೆ, ನೆಲ ಸವಳು. ಮಕ್ಕಳ ಬಳಿ ಪ್ರಕರಣ ಬರೆದಿಟ್ಟ ಎರಡು ಹಳೆಯ ಕಾರ್ಡುಗಳಿವೆ ಎನ್ನಿ. ಮೊದಲನೆಯದರಲ್ಲಿ ಭತ್ತ, ಇಂಥದ್ದೇ ಚುಕ್ಕೆ, ಆದರೆ ನೆಲ ಚೆನ್ನಾಗಿತ್ತು, ಪೈರು ಬಲಿತಿತ್ತು. ಅದು ಶಿಲೀಂಧ್ರದಿಂದ ಬರುವ ಕಂದು ಚುಕ್ಕೆ ರೋಗ, ಔಷಧ ಸಿಂಪಡಿಸಿದ್ದರು. ಎರಡನೆಯದರಲ್ಲಿ ಭತ್ತ, ಸವಳು ನೆಲ, ಎಳೆಯ ಪೈರು, ಆದರೆ ಬರೆದವರು 'ಚುಕ್ಕೆ' ಎನ್ನದೆ 'ಎಲೆ ಕೆಂಪಾಗಿ ಬೆಳವಣಿಗೆ ನಿಂತಿದೆ' ಎಂದಿದ್ದರು. ಅದು ಸತುವಿನ ಕೊರತೆ, ಜಿಂಕ್ ಸಲ್ಫೇಟ್ ಕೊಟ್ಟಿದ್ದರು. ಲಕ್ಷಣಕ್ಕೆ 4, ಬೆಳೆಗೆ 3, ಮಣ್ಣಿಗೆ 2, ಪೈರಿನ ವಯಸ್ಸಿಗೆ 1 ಎಂದು ತೂಕ ಕೊಟ್ಟು, ಹೊಂದಿದವುಗಳ ತೂಕ ಕೂಡಿಸಿದರೆ ಮೊದಲ ಕಾರ್ಡಿಗೆ 7, ಎರಡನೆಯದಕ್ಕೆ 6 ಅಂಕ. ಯಂತ್ರ ಔಷಧ ಸಿಂಪಡಿಸು ಎನ್ನುತ್ತದೆ. ಲಕ್ಷಣಕ್ಕೆ 2, ಮಣ್ಣಿಗೆ 4 ಎಂದು ಅದಲುಬದಲು ಮಾಡಿದರೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 8. ಈಗ ಸತು ಎನ್ನುತ್ತದೆ. ಸತುವಿನ ಕೊರತೆಯನ್ನು ರೋಗವೆಂದು ತಿಳಿದು ಔಷಧಕ್ಕೆ ದುಡ್ಡು ಸುರಿಯುವುದು ಭತ್ತದ ಸೀಮೆಯಲ್ಲಿ ನಿಜವಾಗಿ ಆಗುವ ತಪ್ಪು. ಕ್ಷಾರದ ನೆಲದಲ್ಲಿ ಸತು ಇದ್ದರೂ ಬೇರಿಗೆ ದಕ್ಕುವುದಿಲ್ಲ ಎಂಬ ರಸಾಯನಶಾಸ್ತ್ರ ಗೊತ್ತಿಲ್ಲದವರು ಮಣ್ಣಿಗೆ 4 ಯಾಕೆ ಎಂದು ವಾದಿಸಲಾರರು. ಸವಳು ನೆಲದ ಸಂಶೋಧನೆಗೆಂದೇ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ವಾದ ಬಿದ್ದಾಗ ಹೋಗಿ ಕೇಳಲು ದೂರ ಹೋಗಬೇಕಿಲ್ಲ.

ಹುಡುಕುವುದಕ್ಕಿಂತ ತಿದ್ದುವುದು ಕಠಿಣ. ದಾಳಿಂಬೆಯನ್ನೇ ನೋಡಿ. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ತೋಟಗಳನ್ನು ಕಿತ್ತುಹಾಕಿಸಿತು. ಮಳೆ ಹನಿ ಸಿಡಿದು, ಸವರುವ ಕತ್ತರಿ ತಾಗಿ, ರೋಗದ ಸಸಿ ತಂದು ಹರಡುವ ಪಿಡುಗು ಅದು. ಮಳೆಗಾಲದಲ್ಲಿ ಹೂ ಹಿಡಿಸುವ ಮೃಗ ಬಹಾರಕ್ಕಿಂತ ಮಳೆ ತಗ್ಗಿದ ಮೇಲಿನ ಹಸ್ತ ಬಹಾರದಲ್ಲಿ ಕಾಟ ಕಡಿಮೆ ಎಂಬುದು ಬೆಳೆಗಾರರೂ ವಿಜ್ಞಾನಿಗಳೂ ಒಪ್ಪುವ ಮಾತು. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೊಲ್ಲಾಪುರದಲ್ಲಿದೆ, ಹೀಗಾಗಿ ಬರೆದಿಟ್ಟ ಪ್ರಕರಣಗಳು ಆ ಕಡೆಯವೇ ಹೆಚ್ಚು. ಅಲ್ಲಿ ನಡೆದ ಉಪಾಯವನ್ನು ಇಲ್ಲಿಗೆ ತಂದಾಗ ಏನು ಬದಲಾಗಬೇಕು? ಹಸ್ತ ಬಹಾರ ಹಿಡಿದರೆ ಕಾಯಿ ಬಲಿಯುವುದು ಬೇಸಿಗೆಯ ಹೊಸ್ತಿಲಲ್ಲಿ; ಆಗ ಕುಷ್ಟಗಿಯ ಬೋರ್‌ವೆಲ್‌ನಲ್ಲಿ ನೀರು ಇರುತ್ತದೆಯೆ? ಇಲ್ಲಿ ತಂತ್ರಾಂಶ ಸುಮ್ಮನಾಗುತ್ತದೆ. ಹೋಲುವ ಕಾರ್ಡನ್ನು ಎತ್ತಿಕೊಡುವುದು ಅದರ ಕೆಲಸ, ನೀರಿನ ಪ್ರಶ್ನೆ ಎತ್ತಬೇಕಾದದ್ದು ತರಗತಿ. ಈ ಮೌನವನ್ನು ನಾನು ತಂತ್ರಾಂಶದ ದೋಷ ಎನ್ನಲಾರೆ. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಂಥ ಕಡೆ ಜೆಕೊಲಿಬ್ರಿಯಂಥ ಉಪಕರಣ ನೇರ ಉಪಯೋಗಕ್ಕೆ ಬರುವುದು ಈ ಹಂತದಲ್ಲೇ. ಅಲ್ಲಿ ತಿದ್ದುವ ನಿಯಮಗಳನ್ನೂ ವಿದ್ಯಾರ್ಥಿಗಳೇ ಬರೆದು ಒರೆಗೆ ಹಚ್ಚಬಹುದು.

ಮಾತಿನ ತೊಡಕು ಬೇರೆ ಇದೆ. ಈ ತಂತ್ರಾಂಶಗಳ ಗುಂಡಿ, ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿವೆ. ಯೂನಿಕೋಡ್ ಕನ್ನಡವನ್ನು ಒಳಗೆ ಬರೆಯಲು ಅಡ್ಡಿಯಿಲ್ಲ, ಆದರೆ ಯಂತ್ರಕ್ಕೆ 'ಸವಳು' ಮತ್ತು 'ಸವುಳು' ಎರಡು ಬೇರೆ ಪದ. 'ದಾಳಿಂಬೆ' ಮತ್ತು 'ದಾಳಿಂಬ್ರಿ' ಎರಡು ಬೇರೆ ಹಣ್ಣು. ಪಠ್ಯಪುಸ್ತಕ ಕಪ್ಪು ಮಣ್ಣು ಎನ್ನುತ್ತದೆ, ಹೊಲದವರು ಎರೆ ಎನ್ನುತ್ತಾರೆ. ಮೊದಲ ನೋಟಕ್ಕೆ ತಲೆನೋವೆನಿಸುವ ಇದು ನಿಜದಲ್ಲಿ ಪಾಠದ ಅತ್ಯಂತ ಸೊಗಸಾದ ಭಾಗ. ಯಾವ ಪದ ಯಾವುದಕ್ಕೆ ಸಮ, ಯಾವುದಕ್ಕೆ ಅರ್ಧ ಸಮ ಎಂಬ ಪಟ್ಟಿಯನ್ನು ತರಗತಿಯೇ ಕಟ್ಟಿ ಯಂತ್ರಕ್ಕೆ ಕೊಡಬೇಕು. ಎರೆಗೂ ಕಪ್ಪು ಮಣ್ಣಿಗೂ ಪೂರ್ತಿ ಅಂಕ ಕೊಡಬಹುದು. ಎರೆಗೂ ಮಸಾರಿಗೂ ಸೊನ್ನೆ. ಎರಡೂ ಬೆರೆತ ನೆಲಕ್ಕೆ ಎಷ್ಟು ಎಂಬಲ್ಲಿ ಜಗಳ ಆಗಲಿ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನ ಎಲ್ಲೆಯೆಂದು ಹೆಸರಿಸಿದ ಊರುಗಳಲ್ಲಿ ಕೊಪಣವೂ (ಇಂದಿನ ಕೊಪ್ಪಳ) ಒಂದು. ಆ ಹೆಮ್ಮೆಯನ್ನು ಭಾಷಣದಲ್ಲಿ ಬಳಸುವವರು ಬಹಳ. ಊರಿನ ಪದಗಳನ್ನು ಒಂಬತ್ತನೇ ತರಗತಿಯ ಮಕ್ಕಳು ಹೀಗೆ ತೂಗಿ ಪಟ್ಟಿ ಮಾಡಿದರೆ ಆ ಹೆಮ್ಮೆಗೂ ಒಂದು ಕೆಲಸ ಸಿಗುತ್ತದೆ.

ಮಕ್ಕಳೇ ಬರೆಯಬೇಕು ಎಂಬುದಕ್ಕೆ ಇನ್ನೂ ಒಂದು ಕಾರಣ ಸರ್ಕಾರದ ಕಡತದಲ್ಲೇ ಇದೆ. 2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್‌ಗೆ ರೈತರು ಕೇಳಿದ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರಗಳನ್ನು ಕೇಂದ್ರ ಸರ್ಕಾರ ಜಿಲ್ಲಾವಾರು ದತ್ತಾಂಶವಾಗಿ ಎಲ್ಲರಿಗೂ ತೆರೆದಿಟ್ಟಿದೆ. ಪುಕ್ಕಟೆ ಪ್ರಕರಣಗಳ ರಾಶಿ ಸಿಕ್ಕಿತೆಂದು ಹಿಗ್ಗುವ ಮೊದಲು ಅದರ ಕಾಲಂಗಳನ್ನು ನೋಡಬೇಕು. ಬೆಳೆ ಇದೆ, ಪ್ರಶ್ನೆ ಇದೆ, ಉತ್ತರ ಇದೆ, ತಾಲ್ಲೂಕು, ತಾರೀಖು ಇದೆ. ಉತ್ತರದಂತೆ ಮಾಡಿದ ಮೇಲೆ ಏನಾಯಿತು ಎಂಬ ಕಾಲಂ ಇಲ್ಲ. ಇಂಥ ಮೊಟಕು ಪ್ರಕರಣಗಳನ್ನು ಎಷ್ಟು ಲಕ್ಷ ತುಂಬಿದರೂ ಯಂತ್ರ ಹಿಂದೆ ಏನು ಹೇಳಿದ್ದರು ಎಂದು ಒಪ್ಪಿಸೀತು. ಹೇಳಿದ್ದು ಸರಿಯಿತ್ತೆ ಎಂಬುದು ಅದಕ್ಕೆ ತಿಳಿಯದು. ಗಾದೆಗಳಿಗೂ ಇದೇ ಕುಂದು. ಯಾವುದೋ ಕಾಲದ ಯಾವುದೋ ಹೊಲದ ಅನುಭವದಿಂದ ಊರು, ನೆಲ, ಫಲಿತಾಂಶ ಎಲ್ಲ ಉದುರಿ ಒಂದು ಸಾಲು ಉಳಿದಿರುತ್ತದೆ. ಅದನ್ನು ಹೇಳಬಹುದು, ಒರೆಗೆ ಹಚ್ಚಲು ಬರುವುದಿಲ್ಲ.

ಕನ್ನಡದ ಶಾಲೆಗಳಿಗೆ ಮುಕ್ತ ತಂತ್ರಾಂಶ ಹೊಸತೇನಲ್ಲ. 2010ರ ದಶಕದ ಆರಂಭದಲ್ಲಿ ರಾಜ್ಯದ ಶಿಕ್ಷಣ ಇಲಾಖೆ, ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಕಾರ್ಯವ್ಯವಸ್ಥೆ, ಗಣಿತ ಕಲಿಕೆಯ ಜಿಯೋಜಿಬ್ರಾಗಳನ್ನು ಕಲಿತರು. ಅದರ ಜೊತೆಗೇ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕನ್ನಡದಲ್ಲೇ ಬರೆದು, ಇನ್ನೊಬ್ಬರು ಬರೆದದ್ದನ್ನು ತಿದ್ದುವ ಏರ್ಪಾಡಿತ್ತು. ಜಿಯೋಜಿಬ್ರಾ 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ ಕೆಲಸ. ಅದು ಜಗತ್ತಿಗೆ ಹರಡಿದ್ದರ ಗುಟ್ಟು ಶಿಕ್ಷಕರು ತಾವು ಮಾಡಿದ ಚಿತ್ರಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು. ನೆರೆಯ ಕೇರಳ ಇನ್ನೂ ಮುಂದೆ ಹೋಯಿತು. 2001ರಲ್ಲಿ ಐಟಿ@ಸ್ಕೂಲ್ ಆರಂಭಿಸಿ, ಕ್ರಮೇಣ ಸರ್ಕಾರಿ ಶಾಲೆಗಳ ಲ್ಯಾಬುಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಪಾಠಗಳನ್ನು ಕನ್ನಡ ಪುಸ್ತಕದಲ್ಲೇ ಓದುತ್ತಾರೆ. ಕರ್ನಾಟಕದಲ್ಲಿ ಅದೇ ಕಾಲಕ್ಕೆ ಹೆಚ್ಚು ಲ್ಯಾಬುಗಳು ಬಂದದ್ದು ಕಂಪನಿ ಹಾಕಿ, ಕೆಲವು ವರ್ಷ ನಡೆಸಿ, ಶಾಲೆಗೆ ಬಿಟ್ಟುಕೊಡುವ ಗುತ್ತಿಗೆಯಲ್ಲಿ. ಎರಡರ ನಡುವೆ ಕಂಪ್ಯೂಟರ್ ಪೆಟ್ಟಿಗೆಗಳನ್ನು ಮೀರಿದ ಅಂತರ ಒಂದಿದೆ: ಒಂದು ಕಡೆ ಶಾಲೆಯ ಶಿಕ್ಷಕರೇ ಒಡೆಯರು, ಇನ್ನೊಂದು ಕಡೆ ಗುತ್ತಿಗೆ ಮುಗಿದ ದಿನ ಹೋಗಿಬಿಡುವ ಬೋಧಕ.

ಇನ್ನು ಆಕ್ಷೇಪಗಳು. ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಪಟಪಟ ಉತ್ತರ ಕೊಡುವ ಚಾಟ್‌ಬಾಟ್‌ಗಳು ಮೊಬೈಲಿಗೇ ಬಂದಿರುವಾಗ ನಲವತ್ತು ವರ್ಷ ಹಳೆಯ ವಿದ್ಯೆ ಯಾಕೆ ಎಂಬುದು ಮೊದಲನೆಯದು. ಉತ್ತರವಷ್ಟೇ ಬೇಕಿದ್ದವರಿಗೆ ಇದು ಬೇಡ, ನಿಜ. ಆದರೆ ಚಾಟ್‌ಬಾಟ್ ತನ್ನ ಉತ್ತರ ಯಾರ ಹೊಲದಿಂದ ಬಂತು ಎಂದು ತೋರಿಸುವುದಿಲ್ಲ. ಇದು 'ಹತ್ತಿರದ್ದು ಎರಡನೆಯ ಕಾರ್ಡು, ಹತ್ತಕ್ಕೆ ಎಂಟು, ಮಣ್ಣು ಹೊಂದಿತು, ಲಕ್ಷಣ ಹೊಂದಲಿಲ್ಲ' ಎಂದು ಲೆಕ್ಕ ಬಿಚ್ಚಿಡುತ್ತದೆ. ಅರವತ್ತು ಕಾರ್ಡುಗಳ ಸಂಗ್ರಹವನ್ನು ಒಂದು ಮಗು ಒಂದು ಮಧ್ಯಾಹ್ನದಲ್ಲಿ ಪೂರಾ ಓದಬಲ್ಲದು, ತಪ್ಪು ಹಿಡಿಯಬಲ್ಲದು. ಯಂತ್ರವೂ ತಪ್ಪುತ್ತದೆ, ಯಾಕೆ ತಪ್ಪಿತು ಎಂದು ಹುಡುಕಲು ಬರುತ್ತದೆ ಎಂಬ ಅಭ್ಯಾಸ ಇಂಥ ಪುಟ್ಟ ಯಂತ್ರದಲ್ಲಿ ಆದವರಿಗೆ ದೊಡ್ಡ ಯಂತ್ರದ ಮುಂದೆಯೂ ಬಾಯಿ ಇರುತ್ತದೆ. ಇದಕ್ಕೆ ಇಂಟರ್‌ನೆಟ್ ಸಹ ಬೇಕಿಲ್ಲ ಎಂಬುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ.

ಲ್ಯಾಬಿನಲ್ಲಿ ಕಂಪ್ಯೂಟರ್ ಕೆಟ್ಟಿವೆ, ಕರೆಂಟು ಇಲ್ಲ, ಶಿಕ್ಷಕರಿಗೆ ಹೊತ್ತಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅದನ್ನು ಅಲ್ಲಗಳೆಯುವ ಬದಲು ಅದಕ್ಕೆ ತಕ್ಕಂತೆ ಪಾಠ ಹೊಂದಿಸಬೇಕು. ನನ್ನ ಅಭಿಪ್ರಾಯದಲ್ಲಿ ಪ್ರೌಢಶಾಲೆಗೆ ಮೈಸಿಬಿಆರ್ ಬೇಡವೇ ಬೇಡ. ಅದು ಜಾವಾ ಮೇಲೆ ನಿಂತ, ಸಂಶೋಧಕರಿಗಾಗಿ ಮಾಡಿದ ಉಪಕರಣ. ಮೊದಲು ರಟ್ಟಿನ ಕಾರ್ಡು. ಆಮೇಲೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಹಾಳೆ. ಮೇಲೆ ಹಾಕಿದ ಅಂಕದ ಲೆಕ್ಕಕ್ಕೆ ಕೂಡಿಸುವುದು, ಗುಣಿಸುವುದು ಬಂದರೆ ಸಾಕು, ಶಾಲೆಗೆ ಒಂದೇ ಕಂಪ್ಯೂಟರ್ ನಡೆಯುತ್ತಿದ್ದರೂ ಸಾಕು. ತಾಂತ್ರಿಕ ಉಪಕರ‌ಣ ಪದವಿ ತರಗತಿ, ಪಾಲಿಟೆಕ್ನಿಕ್‌ಗಳಿಗೆ ಇರಲಿ. ಹೊತ್ತಿನ ಮಾತಿಗೆ, ಎಸ್ಸೆಸ್ಸೆಲ್ಸಿಯ ವಿಜ್ಞಾನದಲ್ಲಿ 80 ಅಂಕ ಪರೀಕ್ಷೆಗಾದರೆ 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತಕ್ಕಾಗಿ ಅಂಗಡಿಯಲ್ಲಿ ಚಾರ್ಟು ಕೊಂಡು ಅಂಟಿಸುವ ಪ್ರಾಜೆಕ್ಟುಗಳಿಗೆ ಹೋಗುವ ಹೊತ್ತನ್ನೇ ಇದಕ್ಕೆ ತಿರುಗಿಸಬಹುದು.

ಎಲ್ಲಕ್ಕಿಂತ ಗಂಭೀರವಾದದ್ದು ವಿಜ್ಞಾನದ ಕಡೆಯಿಂದ ಬರುವ ಆಕ್ಷೇಪ. ಪ್ರಕರಣಗಳ ಮೇಲೆ ಬೆಳೆದ ಮಗು ತತ್ವ ಕಲಿಯದೆ ಬರೀ ಹೋಲಿಕೆಯ ಮೇಲೆ ನಡೆಯುತ್ತದೆ. ಹಿಂದೆ ಮಾಡಿದ್ದನ್ನೇ ಮಾಡು ಎಂಬ ಕುರುಡು ಸಂಪ್ರದಾಯಕ್ಕೆ ಯಂತ್ರದ ಮುದ್ರೆ ಒತ್ತಿದಂತಾಗುತ್ತದೆ. ತಪ್ಪು ಪ್ರಕರಣ ಒಳಹೊಕ್ಕರೆ ತಪ್ಪೇ ಮರಿ ಹಾಕುತ್ತದೆ. ತುಂಬಿದ ಸಂಗ್ರಹವನ್ನು ಮೇಲಿನಿಂದ ಹಂಚಿದರೆ ಈ ಮಾತು ಅಕ್ಷರಶಃ ನಿಜವಾದೀತು, ಅದಕ್ಕೇ ಖಾಲಿ ಹಂಚಬೇಕೆಂದದ್ದು. ತೂಕ ಕೊಡುವವರು ಮಕ್ಕಳಾದಾಗ ತತ್ವ ಹಿಂಬಾಗಿಲಿನಿಂದ ಬರುವುದಿಲ್ಲ, ಎದುರಿನಿಂದಲೇ ಬರುತ್ತದೆ. ಮಣ್ಣಿಗೆ 4 ಎನ್ನಲು ಕ್ಷಾರ, ಸತುವಿನ ರಸಾಯನವೇ ಬೇಕಾಯಿತಲ್ಲ. ಸೋತ ಪ್ರಕರಣಗಳನ್ನೂ ಗೆದ್ದವುಗಳಷ್ಟೇ ಆಸ್ಥೆಯಿಂದ ಬರೆದಿಡಬೇಕು. ರೈತರ ಹೆಸರು, ಸರ್ವೆ ನಂಬರು ಯಾವ ಕಾರ್ಡಿನಲ್ಲೂ ಇರಕೂಡದು. ಊರು, ನೆಲ, ತಿಂಗಳು ಸಾಕು. ಶಾಲೆ ಸಲಹಾ ಕೇಂದ್ರವೂ ಆಗಕೂಡದು. ಕಾರ್ಡು ಏನೇ ಹೇಳಲಿ, ಹೊಲಕ್ಕೆ ಏನು ಹಾಕಬೇಕೆಂದು ಹೇಳಲು ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ.

ಹಂಚಿಕೆಯ ಪ್ರಶ್ನೆ ಕೊನೆಗೆ ಕ್ಯಾಲೆಂಡರಿನ ಪ್ರಶ್ನೆಯಾಗುತ್ತದೆ. ಗಂಗಾವತಿಯ ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಯಲಬುರ್ಗಾದ ಕಡಲೆ ಫೆಬ್ರವರಿಯೊಳಗೆ ರಾಶಿಯಾಗುತ್ತದೆ. ಜೂನಿನಲ್ಲಿ ಕಾರ್ಡು ತೆರೆದ ತರಗತಿಯೇ ಪರೀಕ್ಷೆಗೆ ಮುಂಚೆ 'ಏನಾಯಿತು' ಎಂಬ ಕಾಲಂ ತುಂಬಬಹುದು. ದಾಳಿಂಬೆಯದು ಹಾಗಲ್ಲ. ಅಂಗಮಾರಿ ಬಂದ ಗಿಡವನ್ನು ಸವರಿ, ವಿಶ್ರಾಂತಿ ಕೊಟ್ಟು, ಬಹಾರ ಬದಲಿಸಿದ್ದು ಫಲಿಸಿತೋ ಇಲ್ಲವೋ ತಿಳಿಯುವ ಹೊತ್ತಿಗೆ ಕಾರ್ಡು ಬರೆದವರು ಪಿಯು ಕಾಲೇಜಿಗೆ ಹೋಗಿರುತ್ತಾರೆ. ಆ ಕಡತ ಗುತ್ತಿಗೆದಾರನ ಕಂಪ್ಯೂಟರಿನಲ್ಲಿ ಉಳಿಯದೆ, ವರ್ಗವಾಗಿ ಹೋದ ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಹೋಗದೆ, ಶಾಲೆಯ ದಾಖಲಾತಿ ರಿಜಿಸ್ಟರಿನ ಹಾಗೆ ಬೀರುವಿನಲ್ಲಿ ಇರಬೇಕು. ಒಂದು ಪ್ರತಿ ಪಕ್ಕದ ಊರಿನ ಶಾಲೆಯಲ್ಲಿಯೂ ಇರಬೇಕು. ಮುಂದಿನ ಜೂನಿನಲ್ಲಿ ಒಂಬತ್ತನೇ ತರಗತಿಗೆ ಬರುವವರು ಹೊಸ ಕಾರ್ಡು ಬರೆಯುವ ಮೊದಲು ಆ ಖಾಲಿ ಕಾಲಂಗಳನ್ನು ಹುಡುಕಿ, ಅದೇ ತೋಟದ ಬೇಲಿಯ ಹತ್ತಿರ ನಿಂತು ಕೇಳಬೇಕು: ಅಣ್ಣಾರ, ಹೋದ ವರ್ಷ ಆ ಗಿಡಗಳನ್ನ ಸವರಿದ್ರೆಲ್ಲ, ಮುಂದೇನಾತ್ರಿ?